ಇಪ್ಪತ್ತೆರಡು ಕಿಲೋದಿಂದ ಹನ್ನೆರಡಕ್ಕೆ: ಬೆನ್ನಿನ ಹೊರೆ ಇಳಿಸಿದ ಬಗೆ

ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡಾ ಬೆಟ್ಟಸಾಲಿನಲ್ಲಿ ಜಾನ್ ಮ್ಯೂರ್ ಟ್ರೇಲ್ ಹಿಡಿದು ಯೊಸೆಮಿಟಿಯಿಂದ ದಕ್ಷಿಣಕ್ಕೆ ನಡೆಯುವವರಿಗೆ ದಾರಿಯ ಮಗ್ಗುಲಲ್ಲೇ ಆಹಾರ ಸಿಗುವ ಕೊನೆಯ ಜಾಗ ಮ್ಯೂರ್ ಟ್ರೇಲ್ ರಾಂಚ್. ಮೊದಲೇ ಅಂಚೆಯಲ್ಲಿ ಕಳಿಸಿದ್ದ ಆಹಾರದ ಬಕೆಟ್ಟನ್ನು ಅಲ್ಲಿ ಬಿಡಿಸಿಕೊಂಡು ಹೊರಟರೆ, ವಿಟ್ನಿ ಶಿಖರ ಹತ್ತಿ ವಿಟ್ನಿ ಪೋರ್ಟಲ್‌ಗೆ ಇಳಿಯುವ ತನಕ ಸುಮಾರು 175 ಕಿ.ಮೀ. ಉದ್ದಕ್ಕೂ ಅಂಗಡಿಯಿಲ್ಲ. ನಡುವೆ ಮ್ಯೂರ್, ಮ್ಯಾದರ್, ಪಿಂಚೋ, ಗ್ಲೆನ್, ಫಾರೆಸ್ಟರ್ ಎಂಬ ಐದು ಪಾಸ್‌ಗಳು, ಅಂದರೆ ಬೆಟ್ಟಸಾಲನ್ನು ಹತ್ತಿ ದಾಟುವ ಜಾಗಗಳು. ಐದೂ 3,600 ಮೀಟರಿಗಿಂತ ಎತ್ತರದವು, ಫಾರೆಸ್ಟರ್ ಅಂತೂ 4,000 ಮೀಟರ್ ದಾಟುತ್ತದೆ.

ಮೂವತ್ತರ ಹರೆಯದಲ್ಲಿ, ಒಂದು ವಾರದ ಆಹಾರ ಸೇರಿ 22 ಕಿಲೋ ಹೊತ್ತಾಗ, ಈ ಹಾದಿಯಲ್ಲಿ ನನಗೆ ದಿನಕ್ಕೆ 16 ಕಿ.ಮೀ. ಆಗುತ್ತಿತ್ತು. ಆ ಲೆಕ್ಕದಲ್ಲಿ 175 ಕಿ.ಮೀ.ಗೆ 11 ದಿನ ಬೇಕು. ಆದರೆ ಕರಡಿಗಳಿಂದ ಆಹಾರ ಕಾಪಾಡಲು ಒಯ್ಯಬೇಕಾದ ಗಟ್ಟಿ ಡಬ್ಬದಲ್ಲಿ (ನನ್ನದು ಬೇರ್‌ವಾಲ್ಟ್ 500, 11.5 ಲೀಟರ್, 1.16 ಕಿಲೋ) ಎಷ್ಟು ಅದುಮಿ ತುಂಬಿದರೂ ಏಳು ದಿನದ್ದಷ್ಟೇ ಹಿಡಿಯುತ್ತದೆ. ಹಾಗಾಗಿ ನಡುವೆ ಕಿಯರ್ಸಾರ್ಜ್ ಪಾಸ್ ಹತ್ತಿ ಆನಿಯನ್ ವ್ಯಾಲಿಗೆ ಇಳಿದು ಆಹಾರ ತಂದುಕೊಳ್ಳಬೇಕು. ಹೋಗಲು ಸುಮಾರು 12 ಕಿ.ಮೀ., ಬರಲು ಅಷ್ಟೇ. ಹೊರೆ ಜಾಸ್ತಿಯಾದ್ದರಿಂದ ನಡಿಗೆ ನಿಧಾನ, ನಿಧಾನವಾದ್ದರಿಂದ ಆಹಾರ ಜಾಸ್ತಿ, ಆಹಾರ ಡಬ್ಬದಲ್ಲಿ ಹಿಡಿಯದ್ದರಿಂದ ಸುತ್ತುದಾರಿ, ಸುತ್ತುದಾರಿಗೆ ಮತ್ತೆ ಒಂದೂವರೆ ದಿನದ ಆಹಾರ.

ಈಗ ಅರವತ್ತು ದಾಟಿದ ಮೇಲೆ ಅದೇ ಹಾದಿಯಲ್ಲಿ ದಿನಕ್ಕೆ 22 ಕಿ.ಮೀ. ಸಲೀಸು. ಎಂಟು ದಿನ ಸಾಕು. ಮೊದಲ ದಿನದ ಊಟವನ್ನು ಡಬ್ಬದ ಹೊರಗಿಟ್ಟು ರಾತ್ರಿಯೊಳಗೆ ತಿಂದು ಮುಗಿಸಿದರೆ ಉಳಿದ ಏಳು ದಿನದ್ದು ಡಬ್ಬದೊಳಗೆ ಕೂರುತ್ತದೆ. ಎಂಟು ದಿನದ ಆಹಾರ, ಒಂದು ಲೀಟರ್ ನೀರು, ಗ್ಯಾಸ್ ಎಲ್ಲ ಸೇರಿ ಹೊರಡುವ ದಿನ ಬೆನ್ನ ಮೇಲೆ 12 ಕಿಲೋ. ಕಾಲಿನ ಬಲ ಮೂವತ್ತು ವರ್ಷದಲ್ಲಿ ಹೆಚ್ಚಿಲ್ಲ, ಇಳಿದಿದೆ. ಬದಲಾದದ್ದು ಚೀಲ. ಅದನ್ನು ಯಾವ ಕ್ರಮದಲ್ಲಿ ಬದಲಿಸಿದೆ, ಎಲ್ಲಿ ಗ್ರಾಂ ಉಳಿಸಬಹುದು, ಎಲ್ಲಿ ಉಳಿಸಿದರೆ ಕೆಡುತ್ತದೆ ಎಂಬುದನ್ನು ಇಲ್ಲಿ ಲೆಕ್ಕ ಸಮೇತ ಬರೆದಿದ್ದೇನೆ.

ಹಗುರ ನಡಿಗೆ ಹೊಸ ಬಟ್ಟೆಗಳಿಂದ, ಹೊಸ ಕಂಪನಿಗಳಿಂದ ಹುಟ್ಟಿದ್ದಲ್ಲ. 1955ರಲ್ಲಿ 67 ವರ್ಷದ ಎಮ್ಮಾ ಗೇಟ್‌ವುಡ್, ಹನ್ನೊಂದು ಮಕ್ಕಳ ತಾಯಿ, ಸುಮಾರು 3,500 ಕಿ.ಮೀ. ಉದ್ದದ ಅಪಲಾಚಿಯನ್ ಟ್ರೇಲನ್ನು ಒಬ್ಬರೇ ನಡೆದು ಮುಗಿಸಿದರು. ಕಾಲಿಗೆ ಕ್ಯಾನ್ವಾಸ್ ಶೂ, ಹೆಗಲಿಗೆ ಕೈಯಾರೆ ಹೊಲಿದ ಡೆನಿಮ್ ಚೀಲ, ಮಳೆಗೆ ಬಚ್ಚಲುಮನೆಯ ಪ್ಲಾಸ್ಟಿಕ್ ಪರದೆ. ಆಮೇಲೆ ಇನ್ನೆರಡು ಸಲ ಅದೇ ಹಾದಿ ಪೂರೈಸಿದರು. 1990ರ ದಶಕದಲ್ಲಿ ಅಮೆರಿಕದ ಚಾರಣಿಗ ರೇ ಜಾರ್ಡಿನ್ ತಾವೇ ಹೊಲಿದ ಚೀಲ, ಟಾರ್ಪು (ಟೆಂಟಿನ ಬದಲು ಕಟ್ಟುವ ತಳವಿಲ್ಲದ ಬಟ್ಟೆ), ಕ್ವಿಲ್ಟು (ಮಲಗುವ ಚೀಲದ ಬದಲಿನ ಹೊದಿಕೆ) ಹೊತ್ತು ಪತ್ನಿ ಜೆನ್ನಿಯವರೊಂದಿಗೆ ಪೆಸಿಫಿಕ್ ಕ್ರೆಸ್ಟ್ ಟ್ರೇಲ್ ನಡೆದು, ತಮ್ಮ ಲೆಕ್ಕಾಚಾರವನ್ನೆಲ್ಲ ಎಲ್ಲರ ಮುಂದಿಟ್ಟರು. ಇವತ್ತು ಅಂಗಡಿಯಲ್ಲಿ ಸಿಗುವ ಹಗುರ ಸಾಮಾನಿನಲ್ಲಿ ಬಹುಪಾಲು ಆ ಲೆಕ್ಕಾಚಾರದ ಮಕ್ಕಳು, ಮೊಮ್ಮಕ್ಕಳು.

ಮೊದಲು ಕೊಳ್ಳಬೇಕಾದದ್ದು ಅಡುಗೆಮನೆಯ ತಕ್ಕಡಿ, ಒಂದು ಗ್ರಾಂ ತನಕ ತೋರಿಸುವಂಥದ್ದು. ಪ್ರತಿ ವಸ್ತುವನ್ನೂ ತೂಗಿ ಬರೆಯಬೇಕು. ಕಂಪನಿ ಅಚ್ಚು ಹಾಕಿದ ತೂಕವನ್ನು ನಂಬಬೇಡಿ. ಟೆಂಟಿನ ತೂಕದಲ್ಲಿ ಗೂಟ ಸೇರಿರುವುದಿಲ್ಲ, ಮಲಗುವ ಮ್ಯಾಟಿನ ತೂಕದಲ್ಲಿ ಗಾಳಿ ತುಂಬುವ ಚೀಲ ಸೇರಿರುವುದಿಲ್ಲ. ಪಟ್ಟಿಯನ್ನು ಮೂರು ಭಾಗ ಮಾಡಿ: ಮೈಮೇಲೆ ಹಾಕಿಕೊಂಡದ್ದು, ತಿಂದು ಕುಡಿದು ಮುಗಿಯುವಂಥದ್ದು, ಉಳಿದದ್ದು. ಈ ಮೂರನೆಯದೇ ಮೂಲ ತೂಕ. ಅಮೆರಿಕದಲ್ಲಿ ಮೂಲ ತೂಕ 20 ಪೌಂಡ್, ಅಂದರೆ 9 ಕಿಲೋ ಒಳಗಿದ್ದರೆ ಹಗುರ ಎನ್ನುತ್ತಾರೆ, 10 ಪೌಂಡ್ ಒಳಗಿದ್ದರೆ ಅತಿ ಹಗುರ. ನನ್ನದು 14.5 ಕಿಲೋ ಇದ್ದದ್ದು ಈಗ 5.5. ಅದರಲ್ಲಿ ಕರಡಿ ಡಬ್ಬದ್ದೇ 1.16. ಡಬ್ಬ ಬೇಡದ ಊರುಗಳಲ್ಲಿ 4.3ರ ಹತ್ತಿರ.

ಪ್ರತಿ ಚಾರಣದಿಂದ ಬಂದ ಮೇಲೆ ಚೀಲವನ್ನು ನೆಲದ ಮೇಲೆ ಸುರಿದು ಮೂರು ಗುಡ್ಡೆ ಮಾಡುತ್ತೇನೆ: ದಿನಾ ಬಳಸಿದ್ದು, ಒಮ್ಮೊಮ್ಮೆ ಬಳಸಿದ್ದು, ಮುಟ್ಟದೇ ಇದ್ದದ್ದು. ಮೂರನೆಯ ಗುಡ್ಡೆಯಲ್ಲಿ ಔಷಧಿ, ಮಳೆಯಂಗಿ, ಬೆಚ್ಚನೆ ಜಾಕೆಟ್, ತಲೆಗೆ ಕಟ್ಟುವ ದೀಪ ಬಿಟ್ಟು ಉಳಿದದ್ದೆಲ್ಲ ಮುಂದಿನ ಸಲ ಮನೆಯಲ್ಲಿ. ಎರಡನೇ ಜೊತೆ ಪ್ಯಾಂಟು, ಮೂರನೇ ಶರ್ಟು, ಪ್ರತಿ ವಸ್ತುವಿಗೊಂದು ಪುಟ್ಟ ಚೀಲ, ದೊಡ್ಡ ಚಾಕು, ಟವೆಲ್, ಇಡೀ ಟೂತ್‌ಪೇಸ್ಟ್ ಟ್ಯೂಬು, ಲೋಟ ಇದ್ದೂ ಮತ್ತೊಂದು ತಟ್ಟೆ. ಗಟ್ಟಿ ಪ್ಲಾಸ್ಟಿಕ್ಕಿನ ಒಂದು ಲೀಟರ್ ಬಾಟಲಿ 180 ಗ್ರಾಂ ತೂಗಿದರೆ ಅಂಗಡಿಯ ಮಿನರಲ್ ವಾಟರ್ ಬಾಟಲಿ 35 ಗ್ರಾಂ. ಎರಡು ಬಾಟಲಿ ಬದಲಿಸಿದರೆ 290 ಗ್ರಾಂ ಉಳಿಯಿತು. ಹೀಗೆ ಒಂದು ರೂಪಾಯಿಯೂ ಖರ್ಚಿಲ್ಲದೆ ಎರಡರಿಂದ ಎರಡೂವರೆ ಕಿಲೋ ಇಳಿಯುತ್ತದೆ. ಇದನ್ನು ಮುಗಿಸದೆ ದುಬಾರಿ ಟೆಂಟಿಗೆ ಕೈಹಾಕುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ದುಡ್ಡು ಖರ್ಚು ಮಾಡುವುದಾದರೆ ಮೊದಲು ಶೂ. ಕಾಲಿನ ಮೇಲಿನ ಒಂದು ಕಿಲೋ ಬೆನ್ನ ಮೇಲಿನ ಐದು ಕಿಲೋಗೆ ಸಮ ಎನ್ನುವುದು ಹಳೆಯ ಮಾತು. ಆಮ್ಲಜನಕದ ಬಳಕೆ ಅಳೆದು ಮಾಡಿದ ಪ್ರಯೋಗಗಳೂ ಹೆಚ್ಚೂಕಡಿಮೆ ಇದನ್ನೇ ಹೇಳಿವೆ. 1.6 ಕಿಲೋ ಚರ್ಮದ ಬೂಟಿನ ಬದಲು 600 ಗ್ರಾಂ ಓಟದ ಶೂ ಹಾಕಿದರೆ ಸಂಜೆಯ ಹೊತ್ತಿಗೆ ತೊಡೆ ಅದನ್ನು ಒಪ್ಪುತ್ತದೆ. ಇಲ್ಲಿ ಮೂರು ಎಚ್ಚರಿಕೆ ಬೇಕು. ದೂರದ ನಡಿಗೆಯಲ್ಲಿ ಪಾದ ಊದುತ್ತದೆ, ಊರಿನ ಅಳತೆಗಿಂತ ಅರ್ಧದಿಂದ ಒಂದು ಸೈಜು ದೊಡ್ಡದು ಕೊಳ್ಳಿ. ಕೊಳ್ಳುವಾಗ ಸಂಜೆ ಹೊತ್ತು, ನಡೆಯುವಾಗ ಹಾಕುವ ಕಾಲುಚೀಲ ಹಾಕಿಕೊಂಡೇ ಅಳೆಯಿರಿ. ಎರಡನೆಯದು, ಓಟದ ಶೂ 600–800 ಕಿ.ಮೀ.ಗೆ ಸಾಯುತ್ತದೆ. ಅಟ್ಟೆ ಸವೆಯುವ ಮೊದಲೇ ಒಳಗಿನ ನೊರೆ ಚಪ್ಪಟೆಯಾಗಿರುತ್ತದೆ. ಬೆಳಿಗ್ಗೆ ಎದ್ದಾಗ ಹಿಮ್ಮಡಿ ನೋಯಲು ಶುರುವಾದರೆ ಹೊಸ ಜೊತೆಗೆ ಕಾಲ ಬಂದಿರಬಹುದು. ಮೂರನೆಯದು, ಬೂಟಿನಿಂದ ಒಂದೇ ದಿನಕ್ಕೆ ಹಿಮ್ಮಡಿ ತಗ್ಗಿರುವ ಶೂಗೆ ಹಾರಬೇಡಿ. ಮೀನಖಂಡದ ಕೆಳಗಿನ ಸ್ನಾಯುರಜ್ಜು ಅಷ್ಟು ಉದ್ದಕ್ಕೆ ಎಳೆತ ತಾಳಲು ಎರಡು ಮೂರು ತಿಂಗಳು ಬೇಕು. ಐವತ್ತರ ಮೇಲೆ ಇನ್ನೂ ಹೆಚ್ಚು. ಊರಲ್ಲಿ ದಿನಾ ನಡೆಯುವಾಗ ಹಾಕಿ ಹದಗೊಳಿಸಿ.

ಹಳೆಯ ಬೂಟು ಅಟ್ಟದ ಮೇಲಿದ್ದರೆ ಅದರ ಬಗ್ಗೆಯೂ ಒಂದು ಮಾತು. ಪಾಲಿಯುರೆಥೇನ್ ನೊರೆಯ ಅಟ್ಟೆ ಬಳಸದೆ ಇಟ್ಟರೂ ಗಾಳಿಯ ತೇವದಿಂದಲೇ ಒಳಗೊಳಗೆ ಪುಡಿಯಾಗುತ್ತದೆ. ಹತ್ತು ವರ್ಷದ ಮೇಲೆ ಹೊರತೆಗೆದರೆ ನೋಡಲು ಹೊಸದರಂತಿರುತ್ತದೆ, ನಡೆದ ಮೊದಲ ಅಥವಾ ಎರಡನೇ ದಿನ ಅಟ್ಟೆ ಕಿತ್ತು ಬರುತ್ತದೆ. ಹೆಬ್ಬೆರಳಿನಿಂದ ಪಕ್ಕದ ನೊರೆ ಒತ್ತಿ ನೋಡಿ. ಬಿರುಕು ಬಿಟ್ಟರೆ ಅಥವಾ ಪುಡಿ ಉದುರಿದರೆ ಎಸೆಯಿರಿ.

ಟೆಂಟಿನಲ್ಲಿ ಉಳಿತಾಯ ದೊಡ್ಡದು: ಇಬ್ಬರ ಎರಡು ಪದರದ ಟೆಂಟು 2.7 ಕಿಲೋ, ಒಬ್ಬರ ಒಂದೇ ಪದರದ, ಊರುಗೋಲಿನ ಮೇಲೆ ನಿಲ್ಲುವ ಟೆಂಟು ಗೂಟ ಸೇರಿ 680 ಗ್ರಾಂ. ಹೇಗೂ ಕೈಯಲ್ಲಿ ಎರಡು ಊರುಗೋಲು ಇವೆ, ಟೆಂಟಿಗೆ ಬೇರೆ ಕಂಬ ಯಾಕೆ ಎಂಬ ಸರಳ ಯೋಚನೆ ಅದು. ಆದರೆ ಬಟ್ಟೆಯ ಗುಣ ತಿಳಿಯದೆ ಕೊಳ್ಳಬಾರದು. ಸಿಲಿಕೋನ್ ಬಳಿದ ನೈಲಾನ್ ನೆನೆದರೆ ಹಿಗ್ಗುತ್ತದೆ. ಸಂಜೆ ಬಿಗಿಯಾಗಿ ಕಟ್ಟಿದ್ದು ರಾತ್ರಿ ಹತ್ತರ ಮಳೆಗೆ ಜೋತು ಬಿದ್ದು ಮುಖಕ್ಕೆ ತಾಗುತ್ತದೆ. ಮಲಗುವ ಮೊದಲು ಒಮ್ಮೆ ಹಗ್ಗ ಎಳೆದು ಬಿಗಿ ಮಾಡಬೇಕು, ಮಳೆ ಶುರುವಾದ ಅರ್ಧ ಗಂಟೆಗೆ ಮತ್ತೊಮ್ಮೆ. ಸಿಲಿಕೋನ್ ಪಾಲಿಯೆಸ್ಟರ್ ಅಷ್ಟು ಹಿಗ್ಗುವುದಿಲ್ಲ, ತುಸು ಭಾರ. ದೋಣಿಯ ಹಾಯಿಗಾಗಿ ಹುಟ್ಟಿದ ಡೈನೀಮಾ ಬಟ್ಟೆ ಹಿಗ್ಗುವುದೂ ಇಲ್ಲ, ನೀರು ಕುಡಿಯುವುದೂ ಇಲ್ಲ. ಆದರೆ ಬೆಲೆ ದುಪ್ಪಟ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು. ಮಡಿಕೆ ಬಿದ್ದಲ್ಲಿ, ಕಲ್ಲಿಗೆ ಉಜ್ಜಿದಲ್ಲಿ ಬೇಗ ತೂತಾಗುತ್ತದೆ. ಅದನ್ನು ಮಡಿಸಬಾರದು, ಸಡಿಲವಾಗಿ ಸುತ್ತಬೇಕು. ತೂತಿಗೆ ಅದೇ ಬಟ್ಟೆಯ ಅಂಟುಪಟ್ಟಿ ಒಂದು ಅಂಗೈಯಷ್ಟು ಜೊತೆಗಿರಲಿ.

ಒಂದೇ ಪದರದ ಟೆಂಟಿನ ನಿಜವಾದ ತೊಂದರೆ ಒಳಗಿನ ಇಬ್ಬನಿ. ಉಸಿರಿನ ತೇವ ತಣ್ಣನೆ ಬಟ್ಟೆಗೆ ತಗುಲಿ ಹನಿಗಟ್ಟುತ್ತದೆ, ಬೆಳಿಗ್ಗೆ ಗಾಳಿಗೆ ಬಟ್ಟೆ ಅಲ್ಲಾಡಿದರೆ ಮೈಮೇಲೆ ಉದುರುತ್ತದೆ. ಟೆಂಟನ್ನು ದೂರುವ ಮೊದಲು ಜಾಗ ನೋಡಿ. ಸರೋವರದ ಅಂಚು, ಹುಲ್ಲುಗಾವಲಿನ ನಡುಮಧ್ಯ ಚಿತ್ರಕ್ಕೆ ಚೆಂದ, ಮಲಗಲು ಕೆಟ್ಟದ್ದು. ತಣ್ಣನೆ ಗಾಳಿ ಭಾರವಾದ್ದರಿಂದ ರಾತ್ರಿ ತಗ್ಗಿಗೆ ಹರಿದು ಅಲ್ಲೇ ನಿಲ್ಲುತ್ತದೆ. ನೀರಿನಿಂದ ಮೂವತ್ತು ನಲವತ್ತು ಮೀಟರ್ ಮೇಲಕ್ಕೆ ಹತ್ತಿ ಮರದಡಿ ಹಾಕಿದರೆ ಬೆಳಿಗ್ಗೆ ಬಟ್ಟೆ ಒಣಗಿಯೇ ಇರುತ್ತದೆ, ಚಳಿಯೂ ಒಂದೆರಡು ಡಿಗ್ರಿ ಕಡಿಮೆ. ಮಳೆಯಿಲ್ಲದ ರಾತ್ರಿ ಬಾಗಿಲು ಪೂರ್ತಿ ತೆರೆದಿಡಿ. ಅಷ್ಟಾಗಿಯೂ ಹನಿ ಬಂದರೆ ಒರೆಸಲು ಅಂಗೈಯಗಲದ ಹೀರುಬಟ್ಟೆ ಸಾಕು, 12 ಗ್ರಾಂ.

ನಮ್ಮ ಪಶ್ಚಿಮಘಟ್ಟದ ಮಳೆಗಾಲಕ್ಕೆ ಇದೇ ಸಾಮಾನು ಹೊಂದುವುದಿಲ್ಲ. ಸಿಯೆರಾದ ಬೇಸಿಗೆ ಒಣಹವೆ, ಮಧ್ಯಾಹ್ನದ ಗುಡುಗುಮಳೆ ಬಂದು ಹೋಗುತ್ತದೆ. ಮಲೆನಾಡಿನಲ್ಲಿ ಆಷಾಢದ ಮಳೆ ಹಿಡಿದರೆ ಬಿಡುವುದಿಲ್ಲ, ನೆಲದಲ್ಲಿ ಇಂಬಳ. ತಳವಿಲ್ಲದ ಟಾರ್ಪು ಅಲ್ಲಿಗಲ್ಲ, ಹೊಲಿದ ತಳವೂ ಸೊಳ್ಳೆಪರದೆಯೂ ಬೇಕೇ ಬೇಕು. ಬಾತುಕೋಳಿಯ ತುಪ್ಪುಳ ತುಂಬಿದ ಹೊದಿಕೆ ಮೂರನೇ ದಿನಕ್ಕೆ ಮುದ್ದೆಯಾಗುತ್ತದೆ, ಕೃತಕ ನಾರಿನದೇ ಸರಿ. ಮೈಗೂ ಚೀಲಕ್ಕೂ ಸೇರಿ ಒಂದೇ ಹೊದಿಕೆಯಾಗುವ ಪೋಂಚೋ ಅಲ್ಲಿ ಚೆನ್ನಾಗಿ ನಡೆಯುತ್ತದೆ. ಗದ್ದೆಯಲ್ಲಿ ಬಗ್ಗಿ ನಾಟಿ ಮಾಡುವವರ ಗೊರಬು, ಕಂಬಳಿಕೊಪ್ಪೆಗಳ ಉಪಾಯವೂ ಅದೇ ಅಲ್ಲವೇ. ಮೇಲಿನಿಂದ ನೀರು ಜಾರಬೇಕು, ಕೆಳಗಿನಿಂದ ಗಾಳಿ ಆಡಬೇಕು. ಚೀಲದೊಳಗೆ ಗೊಬ್ಬರದ ಚೀಲದ ಒಳಪದರದಂಥ ದಪ್ಪ ಪ್ಲಾಸ್ಟಿಕ್ ಕೊಟ್ಟೆ ಹಾಕಿ, ಬಾಯಿ ತಿರುಚಿ ಮಡಿಸಿ. ಹೊರಗಿನ ಮಳೆಹೊದಿಕೆ ಬೆನ್ನಿನ ಕಡೆ ಯಾವತ್ತೂ ತೆರೆದೇ ಇರುತ್ತದೆ, ನೀರು ಅಲ್ಲಿಂದಲೇ ಇಳಿಯುತ್ತದೆ. ಅಮೆರಿಕದಲ್ಲಿ ನಾನು ಇದಕ್ಕೆ ಕಸ ಅದುಮುವ ಯಂತ್ರದ ದಪ್ಪ ಚೀಲ ಬಳಸುತ್ತೇನೆ, 60 ಗ್ರಾಂ.

ಹೊದಿಕೆಗೆ ಬರೋಣ. ಮಲಗುವ ಚೀಲದಲ್ಲಿ ಮೈಯಡಿ ಅದುಮಿಹೋದ ತುಪ್ಪುಳ ಬಿಸಿ ಹಿಡಿಯುವುದಿಲ್ಲ. ಬಿಸಿ ಹಿಡಿಯುವುದು ತುಪ್ಪುಳದ ನಡುವೆ ಸಿಕ್ಕಿಬಿದ್ದ ಗಾಳಿ, ಅದುಮಿದರೆ ಗಾಳಿಯಿಲ್ಲ. ಹಾಗಾಗಿ ಅಡಿಭಾಗವನ್ನೂ ಜಿಪ್ಪನ್ನೂ ಕತ್ತರಿಸಿ ಹಾಕಿದರೆ ಉಳಿಯುವುದೇ ಕ್ವಿಲ್ಟು. 1.8 ಕಿಲೋ ಕೃತಕ ನಾರಿನ ಚೀಲದ ಜಾಗದಲ್ಲಿ 620 ಗ್ರಾಂ. ಇಲ್ಲಿ ಎಡವುವುದು ಎರಡು ಕಡೆ. ಪಕ್ಕಕ್ಕೆ ಹೊರಳಿದಾಗ ಅಂಚಿನಿಂದ ಚಳಿಗಾಳಿ ನುಗ್ಗುತ್ತದೆ. ಮ್ಯಾಟಿಗೆ ಕಟ್ಟುವ ಎರಡು ಪಟ್ಟಿ 30 ಗ್ರಾಂ ಉಳಿಸಲೆಂದು ಮನೆಯಲ್ಲಿ ಬಿಡಬೇಡಿ, ಅಗಲದಲ್ಲಿ ಜಿಪುಣತನ ಮಾಡಬೇಡಿ. ಇನ್ನೊಂದು, ಡಿಗ್ರಿಯ ಅಂಕಿ. ಚೀಲಗಳ ಮೇಲೆ ಆರಾಮದ ಅಂಕಿ, ಕೆಳಮಿತಿಯ ಅಂಕಿ ಎಂದು ಎರಡು ಬರೆದಿರುತ್ತಾರೆ, ಹಲವು ಕ್ವಿಲ್ಟುಗಳ ಮೇಲೆ ಕೆಳಮಿತಿ ಮಾತ್ರ. ಇಪ್ಪತ್ತೈದರಲ್ಲಿ ಕೆಳಮಿತಿ ನೋಡಿ ಕೊಂಡರೂ ನಡೆದೀತು. ಐವತ್ತರ ಮೇಲೆ ಆರಾಮದ ಅಂಕಿಯನ್ನೇ ನೋಡಿ. ಆ ಅಂಕಿ ಇಲ್ಲದಿದ್ದರೆ ಕೆಳಮಿತಿಗೆ ಐದಾರು ಡಿಗ್ರಿ ಸೇರಿಸಿ ಓದಿ.

ಚಳಿ ಬರುವುದು ಮೇಲಿನಿಂದ ಎಂದುಕೊಂಡು ಹೊದಿಕೆ ದಪ್ಪ ಮಾಡುತ್ತಾ ಹೋಗುವವರು ಬಹಳ. ಎಷ್ಟೋ ಸಲ ಚಳಿ ನೆಲದಿಂದ ಬರುತ್ತದೆ. ಗಾಳಿ ತುಂಬುವ ಇಂದಿನ ಮ್ಯಾಟು 370 ಗ್ರಾಮಿನಲ್ಲಿ 4ಕ್ಕೂ ಮೀರಿದ ಆರ್-ಮೌಲ್ಯ (ನೆಲದ ಚಳಿ ಎಷ್ಟು ತಡೆಯುತ್ತದೆ ಎಂಬ ಅಳತೆ, ಹೆಚ್ಚಿದ್ದಷ್ಟೂ ಬೆಚ್ಚಗೆ) ಕೊಡುತ್ತದೆ. ಹಿಂದಿನ ಒಂದು ಕಿಲೋ ಮ್ಯಾಟಿಗಿಂತ ಬೆಚ್ಚಗೆ, ಮೂರು ಪಟ್ಟು ದಪ್ಪ. ವಯಸ್ಸಾದವರಿಗೆ ಹೊಸ ಸಾಮಾನಿನಲ್ಲಿ ಅತಿ ದೊಡ್ಡ ವರ ಯಾವುದು ಎಂದರೆ ನಾನು ಇದನ್ನೇ ಹೇಳುತ್ತೇನೆ. ಪಕ್ಕಕ್ಕೆ ಮಲಗಿದಾಗ ಸೊಂಟದ ಮೂಳೆ ನೆಲ ಮುಟ್ಟದಿದ್ದರೆ ನಿದ್ದೆ ಬರುತ್ತದೆ, ನಿದ್ದೆ ಬಂದರೆ ಮರುದಿನ 22 ಕಿ.ಮೀ. ಆಗುತ್ತದೆ. ಬಾಯಿಂದ ಊದಬೇಡಿ, ಉಸಿರಿನ ತೇವ ಒಳಗೆ ಸೇರಿ ಬೂಷ್ಟು ಹಿಡಿಯುತ್ತದೆ. ಜೊತೆಗೆ ಬರುವ ಗಾಳಿಚೀಲ ಬಳಸಿ.

ಮ್ಯಾಟು ತೂತಾಗಿಯೇ ಆಗುತ್ತದೆ. ರಾತ್ರಿ ಎರಡು ಗಂಟೆಗೆ ಹುಡುಕಲು ಹೋಗಬೇಡಿ. ಚೀಲ, ಮಳೆಯಂಗಿ, ಉಳಿದ ಬಟ್ಟೆ ಎಲ್ಲವನ್ನೂ ಅಡಿಗೆ ಹಾಸಿ ಬೆಳಗು ಮಾಡಿ. ಬೆಳಿಗ್ಗೆ ಬಿಗಿಯಾಗಿ ಗಾಳಿ ತುಂಬಿ ನಿಶ್ಚಲ ನೀರಿನಲ್ಲಿ ಒಂದೊಂದೇ ಗೇಣು ಮುಳುಗಿಸಿದರೆ ಸಾಸಿವೆಕಾಳಿನಂಥ ಗುಳ್ಳೆಗಳ ಸಾಲು ಏಳುತ್ತದೆ. ಅಲ್ಲೇ ಪೆನ್ನಿನಿಂದ ಗುರುತು ಹಾಕಿ, ಪೂರ್ತಿ ಒಣಗಿಸಿ, ಔಷಧಿ ಡಬ್ಬಿಯ ಆಲ್ಕೋಹಾಲ್ ಪಟ್ಟಿಯಿಂದ ಒರೆಸಿ, ಗಾಳಿ ತೆಗೆದು, ಅಂಟುಪಟ್ಟಿ ಹಚ್ಚಿ ಚಮಚದ ಬೆನ್ನಿನಿಂದ ಉಜ್ಜಬೇಕು. ಒರೆಸದೆ ಹಚ್ಚಿದ ಪಟ್ಟಿ ಮರುದಿನವೇ ಕಿತ್ತುಬರುತ್ತದೆ, ಮೈಯ ಎಣ್ಣೆ ಅಂಟನ್ನು ಹಿಡಿಯಗೊಡುವುದಿಲ್ಲ.

ಚೀಲ ಕೊನೆಗೆ. ಒಳಗೆ ಏನು, ಎಷ್ಟು ಎಂದು ಗೊತ್ತಾಗದೆ ಚೀಲದ ಅಳತೆ ಗೊತ್ತಾಗುವುದಿಲ್ಲ. ಮೊದಲೇ ಕೊಂಡರೆ ದೊಡ್ಡದು ಕೊಳ್ಳುತ್ತೇವೆ, ದೊಡ್ಡ ಚೀಲ ತುಂಬಿಸು ತುಂಬಿಸು ಎನ್ನುತ್ತದೆ. ನನ್ನದು 2.7 ಕಿಲೋದಿಂದ 850 ಗ್ರಾಮಿಗೆ ಬಂದು ನಿಂತಿದೆ. ಚೌಕಟ್ಟೇ ಇಲ್ಲದ 450 ಗ್ರಾಂ ಚೀಲಗಳೂ ಇವೆ, ಅವನ್ನು ನಾನು ಒಪ್ಪುವುದಿಲ್ಲ. ಹೊರೆ 9–10 ಕಿಲೋ ದಾಟುತ್ತಿದ್ದಂತೆ ಅಂಥ ಚೀಲ ಕುಸಿದು ಭಾರವೆಲ್ಲ ಹೆಗಲಿಗೆ ಬರುತ್ತದೆ. ಎಂಟು ದಿನದ ಆಹಾರ ಹೊತ್ತ ಮೊದಲ ಮೂರು ದಿನ, ಅದೂ ಅತಿ ಎತ್ತರದ ಏರುಗಳಲ್ಲಿ, ಕತ್ತು ಹಿಡಿಯುತ್ತದೆ. ಎರಡು ಅಲ್ಯೂಮಿನಿಯಂ ಪಟ್ಟಿ, ಗಟ್ಟಿ ಸೊಂಟಪಟ್ಟಿ ಸೇರಿ 350–400 ಗ್ರಾಂ. ಅದು ಭಾರವನ್ನು ಸೊಂಟಕ್ಕೆ ಇಳಿಸುತ್ತದೆ. ಅಳತೆ ತೆಗೆಯುವಾಗ ತಲೆ ಬಗ್ಗಿಸಿ, ಕತ್ತಿನ ಬುಡದಲ್ಲಿ ಉಬ್ಬಿ ನಿಲ್ಲುವ ಮೂಳೆಯಿಂದ, ಸೊಂಟದ ಎರಡೂ ಕಡೆ ಕೈಯಿಟ್ಟಾಗ ಹೆಬ್ಬೆರಳುಗಳು ಬೆನ್ನ ಮೇಲೆ ಸೇರುವ ಗೆರೆಯವರೆಗೆ ಟೇಪು ಹಿಡಿಯಿರಿ. ಮೈಯ ಎತ್ತರ ನೋಡಿ ಕೊಳ್ಳಬೇಡಿ.

ತುಂಬುವ ಕ್ರಮ: ಕೊಟ್ಟೆಯೊಳಗೆ ಕ್ವಿಲ್ಟನ್ನು ಪುಟ್ಟ ಚೀಲವಿಲ್ಲದೆ ಸಡಿಲವಾಗಿ ತುರುಕಿ, ಮೂಲೆಗಳೆಲ್ಲ ತುಂಬಿಕೊಳ್ಳುತ್ತವೆ. ಅದರ ಮೇಲೆ ಕರಡಿ ಡಬ್ಬ ನೆಟ್ಟಗೆ, ಬೆನ್ನಿಗೆ ತಾಗಿ. ಸುತ್ತ ಬಟ್ಟೆ. ಒದ್ದೆ ಟೆಂಟು ಹೊರಗಿನ ಜಾಲರಿಯಲ್ಲಿ. ಡಬ್ಬವನ್ನು ಚೀಲದ ನೆತ್ತಿಗೆ ಕಟ್ಟಿದರೆ ಹೊಳೆ ದಾಟುವಾಗ, ಬಂಡೆ ಇಳಿಯುವಾಗ ಅದು ನಿಮ್ಮನ್ನು ಪಕ್ಕಕ್ಕೆ ಎಳೆಯುತ್ತದೆ.

ನೀರಿನ ಸೋಸುಕದ ಬಗ್ಗೆ ಒಂದೇ ಮಾತು, ಆದರೆ ಮುಖ್ಯವಾದದ್ದು. ಅರ್ಧ ಕಿಲೋ ಪಂಪಿನ ಬದಲು ಬಂದಿರುವ 80–90 ಗ್ರಾಮಿನ ಸೋಸುಕದೊಳಗೆ ಟೊಳ್ಳುನೂಲುಗಳಿವೆ. ಒಳಗೆ ಉಳಿದ ನೀರು ಒಂದು ರಾತ್ರಿ ಹೆಪ್ಪುಗಟ್ಟಿದರೆ ನೂಲು ಸೀಳುತ್ತದೆ, ನೋಡಿದರೆ ಗೊತ್ತಾಗುವುದಿಲ್ಲ, ನೀರು ಎಂದಿನಂತೆಯೇ ಬರುತ್ತದೆ. ಸೆಪ್ಟೆಂಬರಿನಲ್ಲಿ ಅದನ್ನು ಜಿಪ್ ಚೀಲದಲ್ಲಿ ಹಾಕಿ ಹೊದಿಕೆಯೊಳಗೆ ಇಟ್ಟುಕೊಂಡು ಮಲಗಬೇಕು. ಹೆಪ್ಪುಗಟ್ಟಿರಬಹುದೆಂಬ ಅನುಮಾನ ಬಂದರೆ ಕುದಿಸಿ ಕುಡಿಯಿರಿ ಅಥವಾ ಕ್ಲೋರಿನ್ ಮಾತ್ರೆ ಹಾಕಿ. ನಾಲ್ಕು ಮಾತ್ರೆ ಔಷಧಿ ಡಬ್ಬಿಯಲ್ಲಿ ಸದಾ ಇರುತ್ತವೆ.

ಆಹಾರದಲ್ಲಿ ನಮ್ಮವರಿಗೆ ಹುಟ್ಟಿನಿಂದಲೇ ಒಂದು ಅನುಕೂಲವಿದೆ. ಅಮೆರಿಕದ ಹಗುರ ಚಾರಣಿಗರು ಒಲೆ ಬಿಟ್ಟು ತಣ್ಣೀರಿನಲ್ಲಿ ನೆನೆಸಿ ತಿನ್ನುವ ಪದಾರ್ಥ ಹುಡುಕುತ್ತಾ ನೂಡಲ್ಸ್, ಕೂಸ್‌ಕೂಸ್ (ಗೋಧಿಯ ದಪ್ಪ ರವೆಯಂಥದ್ದು) ನೆನೆಹಾಕುತ್ತಾರೆ. ನಮಗೆ ಗೊಜ್ಜವಲಕ್ಕಿ ಇದೆ. ಒಂದು ಹೊತ್ತಿಗೆ ನನ್ನ ಅಳತೆ ಹೀಗೆ: ದಪ್ಪ ಅವಲಕ್ಕಿಯನ್ನು ಬೆಚ್ಚಗೆ ಮಾಡಿ ಮಿಕ್ಸಿಯಲ್ಲಿ ರವೆಯ ಹದಕ್ಕೆ ತರಿಯಾಗಿ ತಿರುವಿದ್ದು 90 ಗ್ರಾಂ, ಬೆಲ್ಲದ ಪುಡಿ 10, ಸಾರಿನ ಪುಡಿ 8, ಒಣ ಹುಣಸೆಪುಡಿ 6, ಉಪ್ಪು 3, ಒಣಕೊಬ್ಬರಿ ತುರಿ 15, ಹುರಿದ ಕಡಲೆಕಾಯಿಬೀಜ 25. ಸಾಸಿವೆ, ಇಂಗು, ಕರಿಬೇವಿನ ಒಗ್ಗರಣೆಗೆ 15 ಗ್ರಾಂ ಎಣ್ಣೆ. ಕರಿಬೇವು ಗರಿಗರಿಯಾಗುವ ತನಕ ಹುರಿಯಬೇಕು, ಹಸಿ ಉಳಿದರೆ ನಾಲ್ಕೇ ದಿನಕ್ಕೆ ವಾಸನೆ. ಎಲ್ಲ ಸೇರಿ 172 ಗ್ರಾಂ, ಸುಮಾರು 730 ಕ್ಯಾಲರಿ. ಗ್ರಾಮಿಗೆ ನಾಲ್ಕು ದಾಟಿದರೆ ಚಾರಣದ ಆಹಾರವಾಗಿ ಪಾಸು. ಬಾಯಿ ಅಗಲದ ಹಗುರ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ 200 ಮಿ.ಲೀ. ತಣ್ಣೀರು ಬೆರೆಸಿ ಮುಚ್ಚಿಟ್ಟರೆ ಇಪ್ಪತ್ತು ನಿಮಿಷಕ್ಕೆ ಅರಳುತ್ತದೆ, ಹಿಮದ ನೀರಾದರೆ ಅರ್ಧ ಗಂಟೆ. ಹೆಸರಿಗೆ ಅವಲಕ್ಕಿಯಾದರೂ ತೆಳು ಅವಲಕ್ಕಿ ಬೇಡ, ಗಂಜಿಯಾಗುತ್ತದೆ.

ಬೆಳಿಗ್ಗೆಗೆ ರಾಗಿ ಹುರಿಹಿಟ್ಟು 60 ಗ್ರಾಂ, ಹಾಲಿನ ಪುಡಿ 25, ಬೆಲ್ಲ 20. ನೀರು ಹಾಕಿ ಅಲ್ಲಾಡಿಸಿ ಕುಡಿದರೆ 400 ಕ್ಯಾಲರಿ. ಹಗಲಿಗೆ ಕಡಲೆಕಾಯಿ ಚಿಕ್ಕಿ, ಒಣಹಣ್ಣು, ಕೊಬ್ಬರಿ. ಚಪಾತಿ ಮೊದಲ ದಿನಕ್ಕೆ ಮಾತ್ರ, ಅದರ ತೂಕದಲ್ಲಿ ನೀರೇ ಬಹಳ. ದಿನಕ್ಕೆ 680 ಗ್ರಾಮಿನೊಳಗೆ ಮುಗಿಯುತ್ತದೆ. ಒಲೆ, ಪಾತ್ರೆ, ಲೈಟರು, ಗ್ಯಾಸಿನ ಸಣ್ಣ ಡಬ್ಬ ಸೇರಿದರೆ ಸುಮಾರು 400 ಗ್ರಾಂ. ಜುಲೈಯಲ್ಲಿ ಅದನ್ನು ಬಿಡುತ್ತೇನೆ. ಸೆಪ್ಟೆಂಬರಿನಲ್ಲಿ ತಪ್ಪದೆ ಒಯ್ಯುತ್ತೇನೆ: ಮಲಗುವ ಮೊದಲು ಬಾಟಲಿಗೆ ಬಿಸಿನೀರು ತುಂಬಿ ಕಾಲ ಬಳಿ ಇಟ್ಟುಕೊಂಡರೆ ಅದು 200 ಗ್ರಾಂ ಹೆಚ್ಚುವರಿ ತುಪ್ಪುಳಕ್ಕೆ ಸಮ. ಇದಕ್ಕೆ ಬಿಸಿ ತಾಳುವ ಬಾಟಲಿಯೇ ಬೇಕು, ತೆಳು ಮಿನರಲ್ ವಾಟರ್ ಬಾಟಲಿ ಮುದುಡುತ್ತದೆ. ಕಾಳ್ಗಿಚ್ಚಿನ ಕಾಲದಲ್ಲಿ ಕ್ಯಾಲಿಫೋರ್ನಿಯಾದ ಬಹಳಷ್ಟು ಕಾಡುಗಳಲ್ಲಿ ತಿರುಗಿಸಿ ಆರಿಸಲು ಬಾರದ ಸ್ಪಿರಿಟ್ ಒಲೆಗಳಿಗೆ ಅನುಮತಿಯಿಲ್ಲ, ಎಷ್ಟೇ ಹಗುರವಾದರೂ.

ಇನ್ನು ವಯಸ್ಸಿನ ಲೆಕ್ಕ. ಹೊರೆ ಇಳಿದದ್ದರ ಫಲ ಮೊದಲು ಕಾಣುವುದು ಇಳಿಜಾರಿನಲ್ಲಿ. ತೂಕ ಹೆಚ್ಚಿದ್ದು ಮೊಣಕಾಲು ಸವೆದಿದ್ದ ವಯಸ್ಕರ ಮೇಲೆ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಮೈತೂಕ ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೂ ಮೊಣಕಾಲ ಮೇಲಿನ ಒತ್ತಡ ನಾಲ್ಕು ಕಿಲೋ ಇಳಿಯುತ್ತದೆ. ಬೆನ್ನ ಮೇಲಿನ ತೂಕ ಮೈತೂಕದ ಹಾಗೆಯೇ ಅಲ್ಲ, ಆದರೆ ಹತ್ತು ಕಿಲೋ ಇಳಿಸಿ ಫಾರೆಸ್ಟರ್ ಪಾಸ್ ಇಳಿದ ಮೊಣಕಾಲಿಗೆ ಬೇರೆ ಪುರಾವೆ ಬೇಡ. ನಲವತ್ತರ ನಂತರ ಎರಡು ಊರುಗೋಲು ಕಡ್ಡಾಯ ಎನ್ನುತ್ತೇನೆ. ಇಳಿಯುವಾಗ ಐದರಿಂದ ಹತ್ತು ಸೆಂ.ಮೀ. ಉದ್ದ ಮಾಡಿ, ಹೆಜ್ಜೆ ಇಡುವ ಮೊದಲು ಕೋಲು ಊರಿ.

ಹಗುರಾದ ಮೇಲೆ ಹೊಸ ಅಪಾಯವೂ ಬರುತ್ತದೆ. ಸುಸ್ತಾಗುವುದಿಲ್ಲ, ಹಾಗಾಗಿ ಮೊದಲ ದಿನವೇ 30 ಕಿ.ಮೀ. ಹೊಡೆಯುವ ಆಸೆ. ಮಾಂಸಖಂಡ ಒಪ್ಪಿದರೂ ಸ್ನಾಯುರಜ್ಜು ಒಪ್ಪುವುದಿಲ್ಲ, ನಾಲ್ಕನೇ ದಿನ ಕಣಕಾಲು ಊದುತ್ತದೆ. ಎತ್ತರಕ್ಕೆ ಮೈ ಹೊಂದಿಕೊಳ್ಳುವ ವೇಗವೂ ಚೀಲದ ತೂಕ ನೋಡಿ ಬದಲಾಗುವುದಿಲ್ಲ. ಒಂದೇ ದಿನದಲ್ಲಿ 2,400ರಿಂದ 3,500 ಮೀಟರಿಗೆ ಹೋಗಿ ಮಲಗಿದರೆ 5 ಕಿಲೋ ಚೀಲದವರಿಗೂ ತಲೆನೋವು ಬರಬಹುದು. ಮೊದಲ ಮೂರು ದಿನ 15, 17, 19 ಕಿ.ಮೀ. ಮೀರಬೇಡಿ.

ಮತ್ತೆ, ವಯಸ್ಸಾದಂತೆ ಕೆಲವು ತೂಕ ವಾಪಸು ಬರುತ್ತದೆ, ಬರಲಿ. ಗಾಳಿದಿಂಬು 75 ಗ್ರಾಂ. ಓದುವ ಕನ್ನಡಕ 20 ಗ್ರಾಂ, ಅದಿಲ್ಲದೆ ಮ್ಯಾಪೂ ಕಾಣದು, ಮಾತ್ರೆಯ ಹೆಸರೂ ಕಾಣದು. ಉಪಗ್ರಹ ಸಂದೇಶ ಯಂತ್ರ 100 ಗ್ರಾಂ. ರಕ್ತದೊತ್ತಡದ ಮಾತ್ರೆ ಎರಡು ದಿನಕ್ಕೆ ಹೆಚ್ಚುವರಿಯಾಗಿ. ರಾತ್ರಿ ಟೆಂಟಿನೊಳಗೇ ಮೂತ್ರಕ್ಕೆ ಅಗಲಬಾಯಿಯ ಬಾಟಲಿ 40 ಗ್ರಾಂ. ಕತ್ತಲಲ್ಲಿ ಬಂಡೆಯ ಮೇಲೆ ನಾಲ್ಕು ಹೆಜ್ಜೆ ಉಳಿಸುವ ಆ ನಲವತ್ತು ಗ್ರಾಂ ಬಗ್ಗೆ ಯಾರೂ ಮುಜುಗರಪಡಬೇಕಿಲ್ಲ. ಎಲ್ಲ ಸೇರಿದರೆ ಕಾಲು ಕಿಲೋ. ಬಾಟಲಿ ಬದಲಿಸಿ ಉಳಿಸಿದ 290 ಗ್ರಾಮಿನಲ್ಲೇ ಇದಕ್ಕೆ ಜಾಗವಾಯಿತು.

ಇಷ್ಟು ದುಬಾರಿ ಸಾಮಾನು ಎಷ್ಟು ವರ್ಷ ಬಾಳುತ್ತದೆ ಎಂದು ಕೇಳುವವರಿಗೆ: ಇಡುವ ಬಗೆಯ ಮೇಲಿದೆ. ಪಾಲಿಯುರೆಥೇನ್ ಬಳಿದ ಟೆಂಟಿನ ತಳ ತೇವದಲ್ಲಿಟ್ಟರೆ ಹತ್ತು ಹದಿನೈದು ವರ್ಷಕ್ಕೆ ಅಂಟಂಟಾಗಿ ಹುಳಿವಾಸನೆ ಬರುತ್ತದೆ, ಮಂಗಳೂರಿನ ಹವೆಯಲ್ಲಿ ಇನ್ನೂ ಬೇಗ. ಅದಕ್ಕೆ ಮದ್ದಿಲ್ಲ. ತುಪ್ಪುಳ ಮಾತ್ರ ನೋಡಿಕೊಂಡರೆ ಇಪ್ಪತ್ತು ವರ್ಷ ಬರುತ್ತದೆ. ಅದುಮಿ ಇಡಬಾರದು, ದೊಡ್ಡ ಹತ್ತಿಚೀಲದಲ್ಲಿ ಸಡಿಲವಾಗಿ ಕಪಾಟಿನ ಮೇಲ್ತಟ್ಟಿನಲ್ಲಿ ಇಡಬೇಕು. ಬೆವರು, ಮೈಯೆಣ್ಣೆ ಸೇರಿ ಚಪ್ಪಟೆಯಾದಾಗ ತುಪ್ಪುಳ ಸತ್ತಿತೆಂದು ಎಸೆಯಬೇಡಿ, ತೊಳೆಯಿರಿ. ಮುಂದೆ ಬಾಗಿಲಿರುವ ವಾಷಿಂಗ್ ಮೆಷಿನ್, ತುಪ್ಪುಳದ ಸೋಪು, ಎರಡು ಸಲ ಹೆಚ್ಚುವರಿ ಜಾಲಾಡಿಸುವುದು. ನಡುವೆ ತಿರುಗುಗಂಬವಿರುವ ಮೆಷಿನ್‌ಗೆ ಹಾಕಿದರೆ ತುಪ್ಪುಳವನ್ನು ಹಿಡಿದಿಡುವ ಒಳಗಿನ ಬಟ್ಟೆಗೋಡೆಗಳು ಹರಿಯುತ್ತವೆ. ನೆನೆದದ್ದನ್ನು ಒಂದು ತುದಿ ಹಿಡಿದು ಎತ್ತಬೇಡಿ, ಎರಡೂ ಕೈಯಲ್ಲಿ ಮಗುವನ್ನೆತ್ತುವಂತೆ ಎತ್ತಿ. ಡ್ರೈಯರಿನಲ್ಲಿ ಅತಿ ಕಡಿಮೆ ಬಿಸಿಗೆ ಮೂರು ಟೆನಿಸ್ ಚೆಂಡಿನ ಜೊತೆ ಮೂರು ನಾಲ್ಕು ಗಂಟೆ. ಮೊದಲ ಗಂಟೆ ಮುದ್ದೆಮುದ್ದೆಯಾಗಿರುತ್ತದೆ, ಗಾಬರಿ ಬೇಡ. ಅರ್ಧ ಗಂಟೆಗೊಮ್ಮೆ ಹೊರತೆಗೆದು ಗಂಟುಗಳನ್ನು ಬೆರಳಿನಿಂದ ಬಿಡಿಸುತ್ತಾ ಹೋಗಿ. ಬೆರಳಿಗೆ ಒಂದೂ ಗಂಟು ಸಿಗದಿದ್ದಾಗ ಹೊರಗೆ ತೆಗೆದು ಒಂದು ದಿನ ನೆರಳಿನಲ್ಲಿ ಹರಡಿ, ಆಮೇಲೆ ಚೀಲಕ್ಕೆ ಹಾಕಿ.